ಕಿರಿಯ ಪ್ರತಿಭೆಗೆ ನೌಕೆಯ ಚುಕ್ಕಾಣಿ ಕೊಡುವ ಮುನ್ನ: ವಿಜ್ಞಾನ ಕಥೆ ಬರೆಯುವವರಿಗೆ ಒಂದು ಮಾರ್ಗದರ್ಶಿ

ವಿಜ್ಞಾನ ಕಥೆ ಬರೆಯಲು ಹೊರಟವರ ಮೊದಲ ಕರಡುಗಳಲ್ಲಿ ಒಂದು ಪಾತ್ರ ಮತ್ತೆ ಮತ್ತೆ ಎದುರಾಗುತ್ತದೆ. ಹದಿನೈದು ಹದಿನಾರರ ಹುಡುಗನೋ ಹುಡುಗಿಯೋ, ವಯಸ್ಸಿಗೆ ಮೀರಿದ ಬುದ್ಧಿ, ಹಿರಿಯ ಅಧಿಕಾರಿಗಳೆಲ್ಲ ಕೈಚೆಲ್ಲಿ ಕುಳಿತಾಗ ಪರಿಹಾರ ಹೊಳೆಯುವುದು ಆ ಮಗುವಿಗೇ. ಮೂರನೆಯ ಅಧ್ಯಾಯ ಮುಗಿಯುವಷ್ಟರಲ್ಲಿ ಇಡೀ ಗಗನನೌಕೆ ಅದರ ಆಜ್ಞೆಗೆ ಕಾಯುತ್ತಿರುತ್ತದೆ. ಇಂಥ ಪಾತ್ರಕ್ಕೆ ಕ್ಯಾಪ್ಟನ್ನಿನ ಕುರ್ಚಿಯಲ್ಲಿ ಜಾಗವಿದೆಯೇ ಎಂದರೆ, ಇದೆ ಎಂದೇ ನಾನು ಹೇಳುತ್ತೇನೆ. ಆದರೆ ಆ ಜಾಗವನ್ನು ಪ್ರತಿಭೆಯೊಂದೇ ದೊರಕಿಸಿಕೊಡಲಾರದು. ಕುರ್ಚಿ ಏಕೆ ಖಾಲಿಯಾಯಿತು, ಅದರಲ್ಲಿ ಕುಳಿತ ಕಿರಿಯರ ಮಾತನ್ನು ಉಳಿದವರು ಏಕೆ ಕೇಳುತ್ತಾರೆ, ತಪ್ಪಿದರೆ ಅದರ ಬೆಲೆ ತೆರುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಕಥೆಯ ಒಳಗೇ ಉತ್ತರ ಸಿಗಬೇಕು. ಮುಂದಿನ ಹೆಜ್ಜೆಗಳು ಆ ಉತ್ತರಗಳನ್ನು ಕಟ್ಟಿಕೊಳ್ಳುವುದಕ್ಕಾಗಿ ಇವೆ.

ಮೊದಲು ಒಂದು ಹಾಳೆಯಲ್ಲಿ ನಿಮ್ಮ ಪಾತ್ರದ ಪ್ರತಿಭೆ ನಿಖರವಾಗಿ ಯಾವುದು ಎಂದು ಬರೆಯಿರಿ. ‘ತುಂಬ ಜಾಣೆ’ ಎಂದು ಬರೆದರೆ ಸಾಲದು. ಕಕ್ಷೆಯ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲಳೇ, ಯಂತ್ರದ ಸದ್ದು ಕೇಳಿ ದೋಷ ಹೇಳಬಲ್ಲಳೇ, ಅನ್ಯಗ್ರಹದವರ ಸಂಕೇತಗಳಲ್ಲಿ ವಿನ್ಯಾಸ ಗುರುತಿಸಬಲ್ಲಳೇ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಅದರ ಪಕ್ಕದಲ್ಲಿ, ನೌಕೆಯನ್ನು ನಡೆಸುವವರು ಒಂದು ದಿನದಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆಯಿರಿ: ಪಾಳಿ ಹಂಚುವುದು, ಜಗಳ ಬಿಡಿಸುವುದು, ಪಡಿತರ ಕಡಿತ ಮಾಡುವುದು, ಅರ್ಧಂಬರ್ಧ ಮಾಹಿತಿಯ ಮೇಲೆ ನಿರ್ಧಾರ ಮಾಡುವುದು, ಒಬ್ಬರನ್ನು ಅಪಾಯಕ್ಕೆ ಕಳುಹಿಸುವುದು. ಎರಡೂ ಪಟ್ಟಿಗಳಲ್ಲಿ ಸೇರುವ ಅಂಶಗಳು ಎಷ್ಟು ಕಡಿಮೆ ಎಂಬುದು ಆಗಲೇ ಕಣ್ಣಿಗೆ ಬೀಳುತ್ತದೆ.

ಎಳೆಯ ವಯಸ್ಸಿನ ಅಸಾಧಾರಣ ಸಾಧನೆ ನಂಬಲಾಗದ ಸಂಗತಿಯೇನಲ್ಲ. ಪ್ರಜ್ಞಾನಂದ 2018ರಲ್ಲಿ ಹನ್ನೆರಡನೆಯ ವಯಸ್ಸಿಗೇ ಚದುರಂಗದ ಗ್ರ್ಯಾಂಡ್‌ಮಾಸ್ಟರ್ ಆದರು. ಗುಕೇಶ್ 2024ರ ಡಿಸೆಂಬರಿನಲ್ಲಿ ಹದಿನೆಂಟರ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಆದರೆ ಚದುರಂಗದ ಹಲಗೆಯ 64 ಮನೆಗಳೂ ಇಬ್ಬರು ಆಟಗಾರರ ಕಣ್ಣೆದುರಿಗೇ ಇರುತ್ತವೆ, ಯಾವ ಕಾಯಿಯೂ ‘ನಾನು ಹೋಗುವುದಿಲ್ಲ’ ಎನ್ನುವುದಿಲ್ಲ. ಗಣಿತ, ಸಂಗೀತ, ಚದುರಂಗ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಇಂಥ ಕ್ಷೇತ್ರಗಳಲ್ಲಿ ನಿಮ್ಮ ಪಾತ್ರ ಎಷ್ಟು ಎತ್ತರಕ್ಕೆ ಏರಿದರೂ ಓದುಗರು ಒಪ್ಪುತ್ತಾರೆ. ಮನುಷ್ಯರನ್ನು ನಡೆಸುವ ಕೆಲಸಕ್ಕೆ ಬಂದಾಗ ಅವರು ಬೇರೆ ಪುರಾವೆ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು.

ಎರಡನೆಯ ಹೆಜ್ಜೆಯನ್ನು ಹೆಚ್ಚಿನ ಬರಹಗಾರರು ಹಾರಿಬಿಡುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪಾತ್ರಕ್ಕೆ ಇಡೀ ನೌಕೆಯನ್ನು ಕೊಡುವ ಮೊದಲು, ಒಂದೇ ಒಂದು ನಿರ್ಧಾರದ ಅಧಿಕಾರವನ್ನು ಕೊಟ್ಟರೆ ಕಥೆ ನಡೆಯುತ್ತದೆಯೇ ಎಂದು ನೋಡಿ. ಇದಕ್ಕೆ ನಿಜ ಜೀವನದಲ್ಲೇ ಒಂದು ಮಾದರಿ ಇದೆ. 1969ರ ಜುಲೈ 20ರಂದು ಅಪೋಲೊ 11ರ ಚಂದ್ರನೌಕೆ ಇಳಿಯುತ್ತಿದ್ದಾಗ ಅದರ ಕಂಪ್ಯೂಟರ್ 1202 ಎಂಬ ಎಚ್ಚರಿಕೆಯ ಸಂಖ್ಯೆಯನ್ನು ತೋರಿಸಿತು. ಇಳಿಯುವುದನ್ನು ಮುಂದುವರಿಸಬೇಕೋ ಕೈಬಿಡಬೇಕೋ ಎಂದು ಸೆಕೆಂಡುಗಳಲ್ಲಿ ಹೇಳಬೇಕಾಗಿದ್ದವರು ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿ ಮಾರ್ಗದರ್ಶನ ವ್ಯವಸ್ಥೆಯ ಹೊಣೆ ಹೊತ್ತಿದ್ದ ಸ್ಟೀವ್ ಬೇಲ್ಸ್. ಅವರಿಗೆ ಆಗ 26 ವರ್ಷ. ಅವರ ಬೆನ್ನಿಗಿದ್ದ ಹಿಂಬದಿ ಕೊಠಡಿಯ ಕಂಪ್ಯೂಟರ್ ತಜ್ಞ ಜ್ಯಾಕ್ ಗಾರ್ಮನ್‌ಗೆ 24. ಆ ತಿಂಗಳ ಆರಂಭದಲ್ಲಿ ನಡೆದ ಅಭ್ಯಾಸದಲ್ಲಿ ಇಂಥದೇ ಎಚ್ಚರಿಕೆ ಬಂದು, ಕೈಬಿಡಬಾರದಿದ್ದ ಇಳಿಯುವಿಕೆಯನ್ನು ತಂಡ ಕೈಬಿಟ್ಟಿತ್ತು. ಆ ಬಳಿಕ ಎಲ್ಲ ಎಚ್ಚರಿಕೆಗಳನ್ನೂ ಪರಿಶೀಲಿಸಬೇಕೆಂದು ಹೇಳಿದವರು ಫ್ಲೈಟ್ ಡೈರೆಕ್ಟರ್ ಜೀನ್ ಕ್ರಾಂಜ್. ಅವುಗಳ ಪಟ್ಟಿಯನ್ನು ಕೈಬರಹದಲ್ಲಿ ತಯಾರಿಸಿ ತನ್ನ ಮುಂದೆ ಇಟ್ಟುಕೊಂಡಿದ್ದವರು ಗಾರ್ಮನ್. ಅಸಲಿ ಎಚ್ಚರಿಕೆ ಬಂದ ಕ್ಷಣ ಗಾರ್ಮನ್ ‘ಪರವಾಗಿಲ್ಲ’ ಎಂದರು, ಬೇಲ್ಸ್ ಮುಂದುವರಿಯಬಹುದೆಂದು ಹೇಳಿದರು, 35 ವರ್ಷದ ಕ್ರಾಂಜ್ ಅದನ್ನು ಒಪ್ಪಿ ಹೊಣೆ ಹೊತ್ತರು.

ಇಲ್ಲಿನ ಮೂರು ಪದರಗಳನ್ನು ಗಮನಿಸಿ. ಬಲ್ಲವನು 24ರವನು, ಹೇಳುವ ಅಧಿಕಾರವಿದ್ದವನು 26ರವನು, ಪರಿಣಾಮಕ್ಕೆ ತಲೆಕೊಡುವವನು 35ರವನು. ಇಬ್ಬರು ಕಿರಿಯರ ಮಾತಿನ ಮೇಲೆ ಚಂದ್ರಯಾನವೇ ನಿಂತಿತ್ತು, ಆದರೂ ಅವರಲ್ಲಿ ಯಾರೂ ಇಡೀ ಕೇಂದ್ರದ ಮುಖ್ಯಸ್ಥರಾಗಿರಲಿಲ್ಲ. ಕಥೆಗೆ ಬೇಕಾದ ಉದ್ವೇಗ, ಎಳೆಯ ಬುದ್ಧಿಗೆ ಸಿಗಬೇಕಾದ ಮನ್ನಣೆ, ಹಿರಿಯರ ಮೇಲಿನ ಭಾರ ಎಲ್ಲವೂ ಈ ರಚನೆಯಲ್ಲಿ ಸಿಗುತ್ತವೆ. ನಿಯಂತ್ರಣ ಕೊಠಡಿಯ ಮಾತು ಹೇಗಿರುತ್ತದೆ ಎಂಬ ಅಂದಾಜು ಬೇಕಿದ್ದರೆ, 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಇಸ್ರೊ ತನ್ನ ನೌಕೆಗಳ ಮೇಲೆ ನಿಗಾ ಇಡುವ ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಿಂದ ಆದ ನೇರಪ್ರಸಾರದ ದಾಖಲೆಯನ್ನು ಕೊನೆಯ ಕಾಲು ಗಂಟೆಯಾದರೂ ನೋಡಿ. ಅಲ್ಲಿನ ಮಾತು ಎಷ್ಟು ಚುಟುಕು ಎಂಬುದನ್ನು ಕಿವಿಗೆ ಹಾಕಿಕೊಂಡರೆ ನಿಮ್ಮ ಸಂಭಾಷಣೆಗಳಿಂದ ಅರ್ಧದಷ್ಟು ಮಾತು ತಾನಾಗಿ ಉದುರುತ್ತದೆ.

ಇಷ್ಟಾದ ಮೇಲೂ ನಿಮ್ಮ ಕಥೆಗೆ ಎಳೆಯ ಕ್ಯಾಪ್ಟನ್ನೇ ಬೇಕು ಎನಿಸಿದರೆ, ಕುರ್ಚಿ ಹೇಗೆ ಖಾಲಿಯಾಯಿತು ಎಂಬುದನ್ನು ಕಟ್ಟುವುದು ಮೂರನೆಯ ಹೆಜ್ಜೆ. 1979ರ ಜಪಾನಿ ಧಾರಾವಾಹಿ ‘ಮೊಬೈಲ್ ಸೂಟ್ ಗುಂಡಮ್’ನಲ್ಲಿ 19 ವರ್ಷದ ಬ್ರೈಟ್ ನೋವಾ ಯುದ್ಧನೌಕೆಯೊಂದರ ನಾಯಕನಾಗುತ್ತಾನೆ. ದಾಳಿಯಲ್ಲಿ ನುರಿತ ಸಿಬ್ಬಂದಿಯ ಬಹುಪಾಲು ಸತ್ತಿದ್ದಾರೆ, ಕ್ಯಾಪ್ಟನ್ ತೀವ್ರವಾಗಿ ಗಾಯಗೊಂಡಿದ್ದಾನೆ, ಉಳಿದವರಲ್ಲಿ ನಾಗರಿಕರೇ ಹೆಚ್ಚು. ಅವನನ್ನು ಯಾರೂ ಆಯ್ಕೆ ಮಾಡಿದ್ದಲ್ಲ, ಬೇರೆ ದಾರಿಯಿಲ್ಲದೆ ಕುರ್ಚಿ ಅವನ ಮೇಲೆ ಬಿದ್ದಿದೆ, ಮತ್ತು ಅವನು ಆ ಭಾರದಲ್ಲಿ ಸಿಡುಕುತ್ತಾನೆ, ಕುಗ್ಗುತ್ತಾನೆ. ವಿಜ್ಞಾನ ಕಥೆ ಇಂಥ ಕಾರಣಗಳನ್ನು ಧಾರಾಳವಾಗಿ ಒದಗಿಸುತ್ತದೆ. ಮಂಗಳದಿಂದ ಭೂಮಿಗೆ ರೇಡಿಯೊ ಸಂದೇಶ ಮುಟ್ಟಲು ಗ್ರಹಗಳ ಸ್ಥಾನಕ್ಕೆ ತಕ್ಕಂತೆ ಸುಮಾರು 3ರಿಂದ 22 ನಿಮಿಷ ಬೇಕು, ಉತ್ತರ ಬರಲು ಮತ್ತಷ್ಟೇ. ಹಾಗಾಗಿ ತುರ್ತಿನ ನಿರ್ಧಾರ ಅಲ್ಲಿದ್ದವರದ್ದೇ ಆಗಬೇಕಾಗುತ್ತದೆ. ತಲೆಮಾರುಗಳು ಉರುಳುವ ದೀರ್ಘಯಾನದ ನೌಕೆಯಲ್ಲಿ ಒಂದು ಸೋಂಕು ಹಿರಿಯರನ್ನಷ್ಟೇ ಬಲಿ ತೆಗೆದುಕೊಂಡಿರಬಹುದು. ಬೆಳಕಿನ ವೇಗದ ಶೇ 99ರಷ್ಟು ವೇಗದಲ್ಲಿ, ನೌಕೆಯ ಗಡಿಯಾರದ ಪ್ರಕಾರ ಐದು ವರ್ಷ ಸಾಗಿದವಳು ಮರಳುವಷ್ಟರಲ್ಲಿ ಭೂಮಿಯಲ್ಲಿ ಸುಮಾರು 35 ವರ್ಷ ಕಳೆದಿರುತ್ತದೆ. ಕಡತದ ಸೇವಾ ಹಿರಿತನದಲ್ಲಿ ಅವಳು ಎಲ್ಲರಿಗಿಂತ ಮುಂದು, ಮುಖದಲ್ಲಿ ಎಲ್ಲರಿಗಿಂತ ಕಿರಿಯಳು. ಈ ಕೊನೆಯ ಸಾಧ್ಯತೆಯನ್ನು ನಮ್ಮ ಕಥೆಗಾರರು ಇನ್ನೂ ಹೆಚ್ಚು ಬಳಸಬೇಕೆಂಬುದು ನನ್ನ ಆಸೆ. ಆದರೆ ‘ಯಂತ್ರದೊಡನೆ ಮಿದುಳನ್ನು ಬೆಸೆಯಲು ಎಳೆಯರಿಗಷ್ಟೇ ಸಾಧ್ಯ’ ಎಂಬ ಕಾರಣವನ್ನು ಎಚ್ಚರದಿಂದ ಬಳಸಿ. ಅದರಿಂದ ಪಾತ್ರ ಒಳ್ಳೆಯ ಚಾಲಕನಾಗುತ್ತದೆ. ನಾಯಕನಾಗಲು ಅಷ್ಟು ಸಾಲದು.

ವಯಸ್ಸನ್ನು ಗೊತ್ತುಮಾಡುವಾಗ ಸೇವೆಯ ವರ್ಷಗಳನ್ನೂ ಲೆಕ್ಕ ಹಾಕಿ. ಹೊರೇಷಿಯೊ ನೆಲ್ಸನ್ 1779ರಲ್ಲಿ ಇಪ್ಪತ್ತರ ವಯಸ್ಸಿಗೇ ಬ್ರಿಟಿಷ್ ನೌಕಾಪಡೆಯಲ್ಲಿ ಕ್ಯಾಪ್ಟನ್ ದರ್ಜೆಗೇರಿದ ಎಂದು ಕೇಳಿದಾಗ ಬೆರಗಾಗುತ್ತದೆ. ಅವನು 1771ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗಲೇ ಸೇವೆಗೆ ಸೇರಿದ್ದ ಎಂಬುದನ್ನು ಸೇರಿಸಿದರೆ ಬೆರಗು ಹೋಗಿ ನಂಬಿಕೆ ಬರುತ್ತದೆ. ಆ ಕಾಲದ ಲೆಫ್ಟಿನೆಂಟ್ ಪರೀಕ್ಷೆಗೆ ಕೂರಬೇಕಾದರೆ ಆರು ವರ್ಷ ಸಮುದ್ರದಲ್ಲಿ ಕಳೆದಿರಬೇಕಿತ್ತು. ಅಂಥ ಒಂದು ವ್ಯವಸ್ಥೆಯನ್ನು ನಿಮ್ಮ ಲೋಕದಲ್ಲೂ ಇಟ್ಟುಕೊಳ್ಳಿ: ಹತ್ತರ ವಯಸ್ಸಿಗೆ ಪಾಳಿ ಕೆಲಸ, ಹದಿಮೂರಕ್ಕೆ ಹೊರಗಿನ ದುರಸ್ತಿ, ಹದಿನಾರಕ್ಕೆ ಸಣ್ಣ ದೋಣಿಯ ಹೊಣೆ. ಹಾಗೆ ಬೆಳೆದ ಹತ್ತೊಂಬತ್ತರ ಹುಡುಗಿ ನೌಕೆ ನಡೆಸಿದರೆ ಯಾರೂ ಹುಬ್ಬೇರಿಸುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಮೊದಲ ಆಜ್ಞೆಯ ದೃಶ್ಯ. ಕಿರಿಯ ಪಾತ್ರ ಹಿರಿಯರಿಗೆ ಮೊದಲ ಬಾರಿ ಆಜ್ಞೆ ಕೊಡುವ ಕ್ಷಣದಲ್ಲಿ ಅರೆಗಳಿಗೆ ಏನಾಗುತ್ತದೆ ಎಂಬುದನ್ನು ಬರೆಯದೆ ಮುಂದೆ ಹೋಗಬೇಡಿ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಹದಿಹರೆಯದ ವೆಸ್ಲಿ ಕ್ರಷರ್ ಆರಂಭದ ಕಂತುಗಳಲ್ಲಿ ಅಪಾಯ ಬಂದಾಗಲೆಲ್ಲ ನೌಕೆಯನ್ನು ಉಳಿಸಿದ್ದರಿಂದಲೇ ಬಹಳಷ್ಟು ಪ್ರೇಕ್ಷಕರ ಅಸಮಾಧಾನಕ್ಕೆ ಗುರಿಯಾದ. ಅದೇ ಹುಡುಗ 1989ರ ‘ಪೆನ್ ಪಾಲ್ಸ್’ ಎಂಬ ಕಂತಿನಲ್ಲಿ ಮನಸ್ಸಿಗೆ ಹತ್ತಿರವಾಗುತ್ತಾನೆ. ಅಲ್ಲಿ ಅವನಿಗೆ ಭೂವಿಜ್ಞಾನ ಸಮೀಕ್ಷೆಯ ಸಣ್ಣ ತಂಡವೊಂದರ ಮುಂದಾಳುತನ ಸಿಗುತ್ತದೆ. ಒಂದು ಪರೀಕ್ಷೆ ಮಾಡಿಸಬೇಕೆಂದು ಅವನು ಹೇಳಿದಾಗ ತಂಡದ ಅನುಭವಿ ಡೇವಿಸ್ ಅದರ ಅಗತ್ಯವಿಲ್ಲ, ಸಮಯ ಹಾಳು ಎನ್ನುತ್ತಾನೆ, ವೆಸ್ಲಿ ಹಿಂಜರಿದು ಸುಮ್ಮನಾಗುತ್ತಾನೆ. ಹಿರಿಯ ಅಧಿಕಾರಿ ರೈಕರ್‌ನ ಬಳಿ ಮಾತಾಡಿ ಮರಳಿದ ಮೇಲೆ, ಪರೀಕ್ಷೆ ಆಗಲೇಬೇಕು ಎಂದು ನೇರವಾಗಿ ಹೇಳುತ್ತಾನೆ; ಡೇವಿಸ್ ತಕರಾರಿಲ್ಲದೆ ಮಾಡುತ್ತಾನೆ. ನೌಕೆಯನ್ನು ಉಳಿಸಿದ ಸಾಹಸಗಳಿಗಿಂತ ಈ ಚಿಕ್ಕ ಪ್ರಸಂಗದಲ್ಲಿ ಅಧಿಕಾರ ಎಂದರೇನು ಎಂಬುದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂದು ನಾನು ನಂಬಿದ್ದೇನೆ.

ಇದನ್ನು ನಿಮ್ಮ ಬರಹದಲ್ಲಿ ಹೇಗೆ ತರಬಹುದು ಎಂದು ತೋರಿಸಲು ಒಂದು ಸಣ್ಣ ದೃಶ್ಯ ಕಟ್ಟುತ್ತೇನೆ. ಇಳಾ ಎಂಬ ಹದಿನೇಳರ ಹುಡುಗಿ ಹಂಗಾಮಿ ಕ್ಯಾಪ್ಟನ್. ಸಿದ್ದಪ್ಪ ಐವತ್ತೆರಡರ ಎಂಜಿನಿಯರ್. ಸಸಿಗಳನ್ನು ಬೆಳೆಸುವ ಮೂರನೆಯ ಕೋಣೆಗೆ ಬೆಂಕಿ ಬಿದ್ದಿದೆ. ಸಾಮಾನ್ಯ ಕರಡಿನಲ್ಲಿ ಹೀಗಿರುತ್ತದೆ: ‘ಮೂರನೆಯ ಕೋಣೆಯ ಗಾಳಿಯನ್ನು ಹೊರಗೆ ಬಿಡಿ ಎಂದಳು ಇಳಾ. ಅವಳ ಸಮಯಪ್ರಜ್ಞೆ ಕಂಡು ಎಲ್ಲರೂ ಬೆರಗಾದರು.’ ಈಗ ಇದನ್ನು ನೋಡಿ.

“ಮೂರನೆಯ ಕೋಣೆಯ ಗಾಳಿ ಹೊರಗೆ ಬಿಡಿ.”

ಸಿದ್ದಪ್ಪ ಕೈಯನ್ನು ಕವಾಟದ ಮೇಲಿಟ್ಟರು, ತಿರುಗಿಸಲಿಲ್ಲ. “ಎಂಟು ತಿಂಗಳ ಸಸಿಗಳಿವೆಯಮ್ಮಾ ಅಲ್ಲಿ.”

“ಗೊತ್ತು. ಬೆಂಕಿ ಆಮ್ಲಜನಕದ ಕೊಳವೆ ಮುಟ್ಟಲು ನಾಲ್ಕು ನಿಮಿಷ.”

“ಕ್ಯಾಪ್ಟನ್ ಇದ್ದಿದ್ದರೆ ಮೊದಲು ಒಬ್ಬರನ್ನು ಒಳಗೆ ಕಳುಹಿಸಿ ನೋಡುತ್ತಿದ್ದರು.”

“ಯಾರನ್ನು ಕಳುಹಿಸಲಿ? ನೀವೇ ಒಂದು ಹೆಸರು ಹೇಳಿ.”

ಸಿದ್ದಪ್ಪ ಹೇಳಲಿಲ್ಲ.

“ದಿನಚರಿಯಲ್ಲಿ ನನ್ನ ಹೆಸರು ಬರೆಯಿರಿ, ನಿಮ್ಮದು ಬೇಡ,” ಎಂದಳು ಇಳಾ. ಅವರು ಕವಾಟ ತಿರುಗಿಸಿದರು. ಆ ರಾತ್ರಿ ಊಟದ ಸಾಲಿನಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ.

ಇಲ್ಲಿ ಇಳಾಳ ಬುದ್ಧಿಗೆ ಯಾರೂ ಸೋತಿಲ್ಲ. ಆಕ್ಷೇಪಕ್ಕೆ ಅವಳ ಬಳಿ ಉತ್ತರವಿದೆ, ಹೊಣೆಯನ್ನು ಅವಳು ಬರಹದಲ್ಲಿ ಹೊತ್ತುಕೊಂಡಿದ್ದಾಳೆ, ಸಿದ್ದಪ್ಪನವರ ಅನುಭವ ಪೂರ್ತಿ ತಪ್ಪು ಎಂದೂ ಆಗಿಲ್ಲ, ಸಸಿಗಳಂತೂ ಹೋದವು. ಹಿರಿಯ ಪಾತ್ರವನ್ನು ಪೆದ್ದನನ್ನಾಗಿ ಮಾಡಿ ಕಿರಿಯರನ್ನು ಎತ್ತರಿಸುವ ಸುಲಭದ ದಾರಿಯನ್ನು ದಯವಿಟ್ಟು ಹಿಡಿಯಬೇಡಿ; ಅದರಿಂದ ಇಬ್ಬರೂ ಕುಬ್ಜರಾಗುತ್ತಾರೆ. ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇನ್ನೊಂದು ಉಪಕರಣವೂ ಇದೆ: ಸಿದ್ದಪ್ಪ ಇಳಾಳನ್ನು ಏಕವಚನದಲ್ಲಿ ಮಾತಾಡಿಸುವುದನ್ನು ಯಾವ ಅಧ್ಯಾಯದಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ, ಮರ್ಯಾದೆ ಹುಟ್ಟಿದ್ದನ್ನು ವಿವರಿಸುವ ಪುಟಗಳೇ ಬೇಕಾಗುವುದಿಲ್ಲ.

ಇತಿಹಾಸದಲ್ಲೂ ಇಂಥ ಮೊದಲ ಆಜ್ಞೆಯ ಪ್ರಸಂಗವೊಂದಿದೆ. 1813ರಲ್ಲಿ ಅಮೆರಿಕದ ನೌಕಾಪಡೆಯ ಡೇವಿಡ್ ಫ್ಯಾರಗಟ್ ಎಂಬ ಹನ್ನೆರಡರ ಹುಡುಗನಿಗೆ, ವಶಪಡಿಸಿಕೊಂಡ ಬಾರ್ಕ್ಲೆ ಎಂಬ ಹಡಗನ್ನು ವಾಲ್ಪರೈಸೊ ಬಂದರಿಗೆ ತಲುಪಿಸುವ ಕೆಲಸ ಬಿತ್ತು. ಹಡಗಿನ ಹಳೆಯ ಕ್ಯಾಪ್ಟನ್ ಅವನ ಮಾತು ಕೇಳಲೊಪ್ಪದೆ, ಗುಂಡು ಹೊಡೆಯುವುದಾಗಿ ಬೆದರಿಸಿ ಪಿಸ್ತೂಲು ತರಲು ಕೆಳಗೆ ಹೋದ. ಹುಡುಗ ಹಾಯಿ ಏರಿಸಲು ಆಜ್ಞೆ ಕೊಟ್ಟು, ಪಿಸ್ತೂಲು ಹಿಡಿದು ಮೇಲೆ ಬಂದರೆ ಸಮುದ್ರಕ್ಕೆ ಎಸೆಯುವುದಾಗಿ ಹೇಳಿಕಳುಹಿಸಿದ. ಸಿಬ್ಬಂದಿ ಹುಡುಗನ ಪರವಾಗಿ ನಿಂತರು. ಅವರು ಅವನ ಹಡಗಿನಿಂದಲೇ ಬಂದ ನಾವಿಕರಾಗಿದ್ದರು, ಅವನ ಹಿಂದೆ ಅವನ ಕಮಾಂಡರ್ ಪೋರ್ಟರ್‌ನ ಅಧಿಕಾರವಿತ್ತು. ಧೈರ್ಯ ಹುಡುಗನದೇ ಆದರೂ ವಿಧೇಯತೆಗೆ ಬೇರೆ ಬೇರುಗಳಿದ್ದವು, ನಿಮ್ಮ ಕಥೆಯಲ್ಲೂ ಆ ಬೇರುಗಳು ಎಲ್ಲಿವೆ ಎಂದು ನಿಮಗೆ ಗೊತ್ತಿರಬೇಕು.

ಐದನೆಯದಾಗಿ, ಪಾತ್ರಕ್ಕೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಗದಿ ಮಾಡಿ, ಅದನ್ನು ಆರಂಭದಲ್ಲೇ ಓದುಗರಿಗೆ ಹೇಳಿಬಿಡಿ. ಇದಕ್ಕೆ ನಮಗೆ ಅಭಿಮನ್ಯುವಿಗಿಂತ ದೊಡ್ಡ ಪಾಠ ಬೇಕಿಲ್ಲ. ಚಕ್ರವ್ಯೂಹವನ್ನು ಹೊಗಲು ಬಲ್ಲೆ, ಹೊರಬರುವುದು ತಿಳಿಯದು ಎಂದು ಅವನು ಧರ್ಮರಾಯನಿಗೆ ಹೇಳಿಯೇ ಹೊರಡುತ್ತಾನೆ. ಅವನ ಬೆನ್ನಿಗೇ ನುಗ್ಗಬೇಕಿದ್ದ ಭೀಮಾದಿಗಳನ್ನು ಸೈಂಧವ ತಡೆದು ನಿಲ್ಲಿಸುತ್ತಾನೆ. ದುರಂತ ಆಗುವುದು ಹುಡುಗನ ಅಜ್ಞಾನವೊಂದರಿಂದಲ್ಲ. ಆ ಅಜ್ಞಾನವನ್ನು ತುಂಬಿಕೊಡುತ್ತೇವೆ ಎಂದು ಮಾತುಕೊಟ್ಟ ಹಿರಿಯರ ಯೋಜನೆ ಕುಸಿದದ್ದರಿಂದ. ಗದುಗಿನ ಭಾರತದ ದ್ರೋಣಪರ್ವವನ್ನು ಈ ಒಂದು ಪ್ರಶ್ನೆ ಮನಸ್ಸಿನಲ್ಲಿಟ್ಟು ಓದಿನೋಡಿ, ಪರಾಕ್ರಮಿಯಾದ ಎಳೆಯನನ್ನು ಮುಂದೆ ಬಿಡುವ ದೊಡ್ಡವರ ತಳಮಳ ಅಲ್ಲಿ ಸಿಗುತ್ತದೆ. ಒಲೆಯ ಮುಂದೆ ಪೌರುಷ ತೋರಿದ ಉತ್ತರಕುಮಾರ ಇದರ ಇನ್ನೊಂದು ತುದಿ. ಅವನಿಗೆ ತನಗೇನು ಗೊತ್ತಿಲ್ಲ ಎಂಬುದೇ ಗೊತ್ತಿಲ್ಲ.

ಆರನೆಯ ಹೆಜ್ಜೆ ಸುತ್ತಲಿನ ವಯಸ್ಸುಗಳಿಗೆ ಸಂಬಂಧಿಸಿದ್ದು. ನಾಯಕನಷ್ಟೇ ಅಲ್ಲದೆ ಸಿಬ್ಬಂದಿಯೆಲ್ಲ ಎಳೆಯರೇ ಆಗಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರಿನ ಕಾರು ಓಡಿಸುವ ಆಟವಾಡುವಾಗ ಗೆಳೆಯರು ಜೊತೆಗಿದ್ದರೆ ಹದಿಹರೆಯದವರು ತೆಗೆದುಕೊಳ್ಳುವ ಅಪಾಯ ಬಹಳ ಏರುತ್ತಿತ್ತು. ವಯಸ್ಕರಲ್ಲಿ ಆ ಏರಿಕೆ ಕಾಣಲಿಲ್ಲ. ಇದೇ ಸತ್ಯವನ್ನು ಕಥೆಯಾಗಿ ಕಾಣಬೇಕೆಂದರೆ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ನ 1998ರ ‘ವೇಲಿಯಂಟ್’ ಕಂತನ್ನು ನೋಡಿ. ಕ್ಯಾಪ್ಟನ್ ಸತ್ತ ಮೇಲೆ ಆಯ್ದ ಕೆಡೆಟ್‌ಗಳ ತಂಡವೊಂದು ಶತ್ರುಗಳ ಸರಹದ್ದಿನೊಳಗೆ ತಿಂಗಳುಗಟ್ಟಲೆ ಯುದ್ಧನೌಕೆಯನ್ನು ನಡೆಸುತ್ತದೆ. ಅವರು ನಿಜವಾಗಿಯೂ ಸಮರ್ಥರು. ನಾಯಕ ಟಿಮ್ ವಾಟರ್ಸ್ ನಿದ್ದೆಗೆಟ್ಟು, ಉತ್ತೇಜಕ ಮಾತ್ರೆಗಳ ಮೇಲೆ ದಿನ ದೂಡುತ್ತಿದ್ದಾನೆ. ಮಾಹಿತಿ ಸಂಗ್ರಹಿಸುವ ಕೆಲಸ ಮುಗಿದ ಮೇಲೆ ಮರಳಬಹುದಿತ್ತು. ಬದಲಿಗೆ ತಮಗಿಂತ ಎಷ್ಟೋ ದೊಡ್ಡ ಶತ್ರುನೌಕೆಯ ಮೇಲೆ ಎರಗಲು ಅವನು ನಿರ್ಧರಿಸುತ್ತಾನೆ, ಇಡೀ ತಂಡ ಒಕ್ಕೊರಲಿನಿಂದ ಹುರಿದುಂಬುತ್ತದೆ. ಬದುಕಿ ಉಳಿದವರಲ್ಲಿ ಕೆಡೆಟ್ ಒಬ್ಬಳೇ, ಜೊತೆಗೆ ಹೊರಗಿನಿಂದ ಬಂದಿದ್ದ ಇಬ್ಬರು. ‘ಬೇಡ’ ಎನ್ನುವ ಒಂದು ಧ್ವನಿಗೆ ಆ ಕೊಠಡಿಯಲ್ಲಿ ಬೆಲೆಯಿರಲಿಲ್ಲ. ನಿಮ್ಮ ಎಳೆಯ ನಾಯಕಿಯ ಪಕ್ಕದಲ್ಲಿ ಅಂಥ ಧ್ವನಿಯೊಂದನ್ನು ಇಡಬೇಕೋ ಇಲ್ಲವಾಗಿಸಬೇಕೋ ಎಂಬುದರ ಮೇಲೆ ಕಥೆಯ ಕೊನೆ ನಿಂತಿದೆ.

ಏಳನೆಯ ಪ್ರಶ್ನೆಯನ್ನು ನಾನು ಕಡ್ಡಾಯ ಎಂದು ಭಾವಿಸುತ್ತೇನೆ: ಈ ಮಗುವನ್ನು ಅಲ್ಲಿ ಕೂರಿಸಿದ ದೊಡ್ಡವರು ಯಾರು, ಅವರಿಗೆ ಸಿಕ್ಕ ಲಾಭವೇನು? 1985ರಲ್ಲಿ ಕಾದಂಬರಿಯಾಗಿ ಬಂದ ಆರ್ಸನ್ ಸ್ಕಾಟ್ ಕಾರ್ಡ್ ಅವರ ‘ಎಂಡರ್ಸ್ ಗೇಮ್’ ಇಂದಿಗೂ ಈ ಚರ್ಚೆಯ ಕೇಂದ್ರದಲ್ಲಿರುವುದು ಅಲ್ಲಿನ ಹುಡುಗ ಜಾಣ ಎಂಬ ಕಾರಣಕ್ಕಲ್ಲ. ಆರರ ವಯಸ್ಸಿಗೆ ಮನೆಯಿಂದ ಕರೆದೊಯ್ದು, ತಾನು ಆಡುತ್ತಿರುವುದು ಅಭ್ಯಾಸದ ಆಟ ಎಂದು ನಂಬಿಸಿ, ಹಿರಿಯರು ಅವನ ಕೈಯಿಂದ ನಿಜವಾದ ಯುದ್ಧ ಮಾಡಿಸಿ ಒಂದು ಜೀವಕುಲವನ್ನೇ ಅಳಿಸುತ್ತಾರೆ. ಗೊತ್ತಿದ್ದರೆ ಅವನು ಮಾಡುತ್ತಿರಲಿಲ್ಲ ಎಂಬುದರಿಂದಲೇ ಅವನಿಗೆ ಹೇಳಲಿಲ್ಲ. ನಮ್ಮ ನಿಜಲೋಕದಲ್ಲಿ ಹದಿನೈದು ತುಂಬದವರನ್ನು ಸೇನೆಗೆ ಸೇರಿಸಿಕೊಳ್ಳುವುದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನದ ಪ್ರಕಾರ ಯುದ್ಧಾಪರಾಧ. ಹದಿನೆಂಟು ತುಂಬದವರು ನೇರವಾಗಿ ಕಾಳಗದಲ್ಲಿ ಭಾಗಿಯಾಗದಂತೆ ನೋಡಿಕೊಳ್ಳಬೇಕೆಂದು ವಿಶ್ವಸಂಸ್ಥೆಯ 2000ದ ಐಚ್ಛಿಕ ಒಪ್ಪಂದ ರಾಷ್ಟ್ರಗಳಿಗೆ ಹೇಳುತ್ತದೆ. ಹದಿಮೂರರ ಸೇನಾನಿಯನ್ನು ಸೃಷ್ಟಿಸಿ ಕಥೆಯುದ್ದಕ್ಕೂ ಚಪ್ಪಾಳೆ ತಟ್ಟಿಸುವ ಬರಹಗಾರರು ಈ ಸಂಗತಿಯನ್ನು ಮರೆಯಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಕ್ಕಳಿಗಾಗಿ ಬರೆಯುವಾಗಲೂ ಇದನ್ನು ಅವರಿಗೆ ತಕ್ಕ ಭಾಷೆಯಲ್ಲಿ ಹೇಳಬಹುದು: ಒಂದು ತೀರ್ಮಾನದ ನಂತರ ಪಾತ್ರಕ್ಕೆ ನಿದ್ದೆ ಬರದಿರುವುದನ್ನು ತೋರಿಸಿದರೂ ಸಾಕು.

ಕರಡು ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಪಾತ್ರದ ವಯಸ್ಸನ್ನು ನಲವತ್ತು ಎಂದು ತಿದ್ದಿ ಪೂರ್ತಿ ಓದಿ. ಒಂದು ಸಂಭಾಷಣೆಯೂ ಬದಲಾಗಬೇಕಿಲ್ಲ ಎಂದಾದರೆ ಎಳೆತನ ಬರಿಯ ಅಲಂಕಾರವಾಗಿತ್ತು. ವಯಸ್ಸನ್ನು ನಲವತ್ತಕ್ಕೇ ಬಿಡಿ, ಇಲ್ಲವೇ ಮೊದಲ ಆಜ್ಞೆಯ ದೃಶ್ಯದಿಂದ ಮತ್ತೆ ಬರೆಯಿರಿ. ಹತ್ತು ಕಡೆಯಾದರೂ ವಾಕ್ಯಗಳು ಎಡವಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಕೊನೆಯದಾಗಿ, ಕುರ್ಚಿ ಮರಳಿಸುವ ದೃಶ್ಯವನ್ನೂ ಬರೆಯಿರಿ, ಅದನ್ನು ಕಥೆಯಲ್ಲಿ ಉಳಿಸಿಕೊಳ್ಳದಿದ್ದರೂ ಪರವಾಗಿಲ್ಲ. ಗುಣಮುಖರಾದ ಕ್ಯಾಪ್ಟನ್ ಅಥವಾ ಭೂಮಿಯಿಂದ ಬಂದ ಹೊಸ ಅಧಿಕಾರಿ ಇಳಾಳ ಎದುರು ನಿಂತಿದ್ದಾರೆ ಎಂದುಕೊಳ್ಳಿ. ಅವಳು ದಿನಚರಿಯನ್ನು ಕೈಗಿಡುವಾಗ ಯಾವ ಪುಟವನ್ನು ತಾನೇ ತೆರೆದು ತೋರಿಸುತ್ತಾಳೆ, ಅವರು ಓದಿ ಏನು ಕೇಳುತ್ತಾರೆ, ಸಿದ್ದಪ್ಪ ಆ ಹೊತ್ತಿನಲ್ಲಿ ಅವಳ ಪರವಾಗಿ ಮಾತಾಡುತ್ತಾರೋ ಇಲ್ಲವೋ, ಮರುದಿನದ ಪಾಳಿಪಟ್ಟಿಯಲ್ಲಿ ಅವಳ ಹೆಸರು ಯಾವ ಸಾಲಿನಲ್ಲಿರುತ್ತದೆ ಎಂಬ ನಾಲ್ಕು ವಿವರಗಳನ್ನು ಬರೆದು ಮುಗಿಸಿ, ಆಮೇಲೆ ಮೊದಲ ಅಧ್ಯಾಯಕ್ಕೆ ಮರಳಿ ತಿದ್ದಲು ಆರಂಭಿಸಿ.